ಲಕ್ಕುಂಡಿ ಗುಡಿಯಲ್ಲಿ ಬೋಳು ಕಲ್ಲು ಯಾಕೆ ಕೂರಿಸಿದ್ದಾರೆ?

ಸೈಕಲ್ ಸವಾರ, ಹುಬ್ಬಳ್ಳಿ
ರವಿವಾರ ಮನೆಮಂದಿ ಕೂಡಿ ಲಕ್ಕುಂಡಿಗೆ ಹೋಗಿ ಬಂದೆವು. ಸೈಕಲ್ ಮೇಲೆ ಅಲ್ಲ, ಗದಗಿನವರೆಗೆ ಬಸ್ಸು, ಅಲ್ಲಿಂದ 12 ಕಿಲೋಮೀಟರ್ ಟಂಟಂ. ನಾನು ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವನು. ಆಗ್ರಾ ನೋಡಿದ್ದೇನೆ, ಹಂಪಿಗೆ ನಾಲ್ಕು ಸಲ ಹೋಗಿದ್ದೇನೆ, ಎರಡು ತಾಸಿನ ದಾರಿಯಲ್ಲಿರುವ ಇದನ್ನು ನೋಡಲು 41 ವರ್ಷ ಬೇಕಾಯಿತು. ನಾಚಿಕೆಗೇಡು ಅಂದರೆ ಅನ್ನಿ.

ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡ ನೋಡುತ್ತಾ ನಿಂತವನಿಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಬಳ್ಳಿಯ ಒಂದು ಪಟ್ಟಿ, ಅದರ ಪಕ್ಕ ಮತ್ತೊಂದು, ಅದರ ಪಕ್ಕ ಇನ್ನೊಂದು. ನನ್ನ ಹೆಂಡತಿ ಕಸೂತಿ ಹಾಕುತ್ತಾಳೆ, ಅವಳು ಗಾಳಿಯಲ್ಲೇ ಬೆರಳು ಆಡಿಸಿ ಎಣಿಸುತ್ತಾ ನಿಂತುಬಿಟ್ಟಳು. ಆಮೇಲೆ ಗುಡಿಗೆ ಒಂದು ಸುತ್ತು ಹಾಕಿದಾಗ ನನಗೆ ತಲೆ ಕೆಟ್ಟಿತು. ಇಷ್ಟು ಕೆತ್ತನೆಯ ನಡುವೆ ಅಲ್ಲಲ್ಲಿ ಬೋಳು ಕಲ್ಲು! ನಮ್ಮ ಮನೆ ಕಟ್ಟೆಗೆ ಹಾಕುವ ಹಾಗೆ ಚಚ್ಚೌಕ ಕಲ್ಲು ತಂದು ಕೂರಿಸಿದ್ದಾರೆ. ಹೊರಗೆ ನೀಲಿ ಬೋರ್ಡು ಮಾತ್ರ ಜೋರಾಗಿದೆ, ರಾಷ್ಟ್ರೀಯ ಮಹತ್ವದ ಸ್ಮಾರಕ, ಹಾಳು ಮಾಡಿದರೆ ಶಿಕ್ಷೆ ಅಂತ. ಹಾಗಾದರೆ ಈ ಬೋಳು ಕಲ್ಲು ಹಾಕಿದವರಿಗೆ ಶಿಕ್ಷೆ ಇಲ್ವಾ? ಗೊತ್ತಿದ್ದವರು ಹೇಳಿ.

ಗಿರ್ಮಿಟ್
ಗದಗಿನಲ್ಲಿ ಇಳಿದು ಮಿರ್ಚಿ ತಿಂದಿರೋ ಇಲ್ಲವೋ, ಮೊದಲು ಅದು ಹೇಳಿ.

ಸೈಕಲ್ ಸವಾರ, ಹುಬ್ಬಳ್ಳಿ
ಎರಡು ಪ್ಲೇಟು. ಈಗ ವಿಷಯಕ್ಕೆ ಬನ್ನಿ.

ಉಳಿ ಸುತ್ತಿಗೆ
ಅಣ್ಣಾ, ನಾನು ಕಲ್ಲು ಕೆಲಸದವನು. ಅಜ್ಜನ ಕಾಲದಿಂದ ಇದೇ ಕಸುಬು. ಅಲ್ಲಿರುವುದು ಬಳಪದ ಕಲ್ಲು. ಸಣ್ಣವರಿದ್ದಾಗ ಪಾಟಿ ಮೇಲೆ ಬಳಪದಲ್ಲಿ ಬರೆದೆವಲ್ಲ, ಅದರ ಬಳಗವೇ. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಅಷ್ಟು ಸಣ್ಣ ಕೆಲಸ ಅದರಲ್ಲಿ ಬರುವುದು. ಬಾದಾಮಿ, ಐಹೊಳೆ ಕಡೆಯ ಕೆಂಪು ಮರಳುಗಲ್ಲಿನಲ್ಲಿ ಅಷ್ಟು ನಾಜೂಕು ಮಾಡಲು ಹೋದರೆ ಅಂಚು ಉದುರುತ್ತದೆ. ಕಂಬ ನೋಡಿದಿರಲ್ಲ, ಕನ್ನಡಿ ಹಾಗೆ ಹೊಳೆಯುವವು, ಅವನ್ನು ತಿರುಗಣೆಗೆ ಕಟ್ಟಿ ತಿರುಗಿಸುತ್ತಾ ಕಡೆದಿದ್ದಾರೆ. ಕರೆಂಟು ಇಲ್ಲದ ಕಾಲದಲ್ಲಿ ಅಷ್ಟು ಭಾರದ ಕಂಬ ತಿರುಗಿಸಿದವರ ರಟ್ಟೆ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಆ ಬೋಳು ಕಲ್ಲು ನನ್ನ ಕೈಗೆ ಕೊಟ್ಟರೆ ಪಕ್ಕದ ಬಳ್ಳಿ ನೋಡಿಕೊಂಡು ಮುಂದುವರಿಸಿ ಕೊಡುತ್ತೇನೆ. ಹೊಸದು ಯಾವುದು, ಹಳೆಯದು ಯಾವುದು ಯಾರಿಗೂ ಗೊತ್ತಾಗಬಾರದು, ಹಾಗೆ. ಆದರೆ ಕೇಳುವವರೇ ಇಲ್ಲ. ನಮ್ಮಂಥವರು ಅಡುಗೆ ಮನೆಯ ಗ್ರಾನೈಟ್ ಕೊರೆಯುತ್ತಾ ಕೂತಿದ್ದೇವೆ.

ನಿವೃತ್ತ, ಧಾರವಾಡ
ತಮ್ಮಾ, ನೀನು ಹೇಳಿದೆಯಲ್ಲ, ಯಾರಿಗೂ ಗೊತ್ತಾಗಬಾರದು ಅಂತ. ಅದನ್ನೇ ಬೇಡ ಅನ್ನುವುದು.

ನಾನು ಸುಮಾರು 30 ವರ್ಷ ಇಂಥ ಗುಡಿಗಳ ರಿಪೇರಿ ಕೆಲಸದ ಮೇಲೆ ನಿಂತವನು. ಇಂಜಿನಿಯರ್ ಅಲ್ಲ, ಕೆಲಸ ಮಾಡಿಸುವವನು. ಈ ಪ್ರಶ್ನೆಯನ್ನು ಕಡಿಮೆ ಅಂದರೂ ಸಾವಿರ ಜನ ಕೇಳಿದ್ದಾರೆ, ಊರ ಗೌಡರಿಂದ ಹಿಡಿದು ಕಾಲೇಜು ಹುಡುಗರವರೆಗೆ. ಬೋಳು ಕಲ್ಲು ಹಾಕುವುದು ಸೋಮಾರಿತನಕ್ಕಲ್ಲ. ಅಲ್ಲಿ ಕಲ್ಲು ಬಿದ್ದುಹೋಗಿರುತ್ತದೆ, ಮೇಲಿನ ಭಾರ ಹೊರಲು ಏನಾದರೂ ಬೇಕು. ಆದರೆ ಅಲ್ಲಿ ಮೊದಲು ಏನು ಕೆತ್ತಿತ್ತು ಅನ್ನುವುದು ನಮಗೆ ಖಚಿತವಿಲ್ಲ. ಹಾಗಾಗಿ ಭಾರ ಹೊರುವ ಕೆಲಸ ಮಾತ್ರ ಅದಕ್ಕೆ. ನಾಳೆ ಓದಲು ಬರುವವನು ಅದನ್ನು 900 ವರ್ಷದ ಹಿಂದಿನದು ಅಂದುಕೊಳ್ಳಬಾರದು. ಬ್ರಿಟಿಷರ ಕಾಲದಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ರಿಪೇರಿ ಕೈಪಿಡಿ ಬರೆದರು, ಇದ್ದದ್ದನ್ನು ಉಳಿಸು, ಹೊಸದಾಗಿ ಹುಟ್ಟಿಸಬೇಡ ಅನ್ನುವುದು ಅದರ ಧಾಟಿ. 2014ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಹೊಸ ಸಂರಕ್ಷಣಾ ನೀತಿ ಬಂತು, ಅದರಲ್ಲೂ ಶಿಲ್ಪ, ಶಾಸನ, ಗೋಡೆ ಚಿತ್ರ ಇವನ್ನು ಮತ್ತೆ ಮಾಡುವ ಹಾಗಿಲ್ಲ.

ಸೈಕಲ್ ಸವಾರ, ಹುಬ್ಬಳ್ಳಿ
ನಿಯಮ ಸರಿ ಇರಬಹುದು ಸರ್. ಆದರೆ ಕಣ್ಣಿಗೆ ಹೊಡೆಯುತ್ತದೆ. ಚಂದದ ಇಳಕಲ್ ಸೀರೆಗೆ ಗೋಣಿ ತೇಪೆ ಹಾಕಿದ ಹಾಗೆ.

ನಿವೃತ್ತ, ಧಾರವಾಡ
ಕಣ್ಣಿಗೆ ಹೊಡೆಯಬೇಕು ಅಂತಲೇ ಅದು. ಆದರೆ ಒಂದು ಒಪ್ಪುತ್ತೇನೆ. ಕೆಲವು ಕಡೆ ಕಲ್ಲಿನ ಬಣ್ಣ, ಸಂದು, ಮಟ್ಟ ನೋಡದೆ ಕೂರಿಸಿದ್ದನ್ನು ಕಂಡಿದ್ದೇನೆ. ಬೋಳು ಕಲ್ಲನ್ನೂ ಚಂದವಾಗಿ ಕೂರಿಸಬಹುದು.

ಕನ್ನಡ ಮಾಸ್ತರ
ನಡುವೆ ಬಾಯಿ ಹಾಕುತ್ತೇನೆ. ನಾವು ಶಾಸನ ಓದುವಾಗ ಅಕ್ಷರ ಸವೆದಿದ್ದರೆ ಆ ಜಾಗಕ್ಕೆ ಚುಕ್ಕೆ ಇಟ್ಟು ಮುಂದೆ ಹೋಗುತ್ತೇವೆ. ಊಹೆ ಇದ್ದರೆ ಕಂಸದಲ್ಲಿ ಹಾಕುತ್ತೇವೆ. ರಾಜನ ಹೆಸರಿನ ಅರ್ಧ ಅಳಿಸಿದೆ ಅಂತ ನಾನೇ ಉಳಿದರ್ಧ ಕಲ್ಲಿನ ಮೇಲೆ ಕೊರೆದು ಬಂದರೆ ಹೇಗಿರುತ್ತದೆ? ನನ್ನ ಕಣ್ಣಿಗೆ ಆ ಬೋಳು ಕಲ್ಲು ಅಂದರೆ ಚುಕ್ಕೆ.

ಇನ್ನು ಸವಾರರೇ, ನೀವು ಹೋದ ಊರಿನ ಬಗ್ಗೆ ನಾಲ್ಕು ಮಾತು, ಕೇಳದಿದ್ದರೂ ಹೇಳುವುದು ಮಾಸ್ತರರ ಚಾಳಿ. ಹಳೆಯ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇತ್ತು, ನಾಣ್ಯಕ್ಕೇ ಲೊಕ್ಕಿ ಗದ್ಯಾಣ ಅಂತ ಹೆಸರು. ದುಡ್ಡು ಹುಟ್ಟುವ ಊರು, ಹಾಗಾಗಿ ಗುಡಿಗಳೂ ಹುಟ್ಟಿದವು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳುವುದು ಸುಮ್ನೆ ಅಲ್ಲ, ಲೆಕ್ಕ ಹೆಚ್ಚು ಕಡಿಮೆ ಇರಬಹುದು. ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಅತ್ತಿಮಬ್ಬೆ, 1007ರಲ್ಲಿ, ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನ ಕಾಲ. ರನ್ನನಿಗೆ ಆಸರೆ ಕೊಟ್ಟವಳೂ ಅವಳೇ. ಪೊನ್ನನ ಶಾಂತಿಪುರಾಣ ಮರೆಯಾಗಿ ಹೋದೀತು ಅಂತ 1000 ಓಲೆ ಪ್ರತಿ ಬರೆಸಿ ಹಂಚಿದಳು. ನಮ್ಮ ಸರ್ಕಾರ ಅವಳ ಹೆಸರಲ್ಲೇ ದಾನಚಿಂತಾಮಣಿ ಪ್ರಶಸ್ತಿ ಕೊಡುತ್ತದೆ. ಕಾಶಿ ವಿಶ್ವೇಶ್ವರದಲ್ಲಿ 1087ರ ಶಾಸನ ಇದೆ. ಮುಂದೆ 1192ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳ ದೇವಗಿರಿಯ ಸೇವುಣ ಅರಸರನ್ನು ಸೋಲಿಸಿ ಈ ಊರನ್ನೇ ತನ್ನ ನೆಲೆ ಮಾಡಿಕೊಂಡ.

ಅಂದ ಹಾಗೆ ಒಂದು ಗಮನಿಸಿದಿರಾ? ಕಾಶಿ ವಿಶ್ವೇಶ್ವರದಲ್ಲಿ ಎರಡು ಗುಡಿ ಎದುರುಬದುರು ಇವೆ. ದೊಡ್ಡದು ಶಿವನದು, ಪೂರ್ವಕ್ಕೆ ಮುಖ. ಸಣ್ಣದು ಸೂರ್ಯನದು, ಪಶ್ಚಿಮಕ್ಕೆ ಮುಖ. ಸೂರ್ಯನೇ ಪಡುವಣಕ್ಕೆ ತಿರುಗಿ ಶಿವನನ್ನು ನೋಡುತ್ತಾ ನಿಂತಿದ್ದಾನೆ.

ಉಳಿ ಸುತ್ತಿಗೆ
ಮಾಸ್ತರ, ನಿಮ್ಮ ಮಾತಲ್ಲೇ ನಿಮ್ಮನ್ನು ಹಿಡಿಯುತ್ತೇನೆ, ಸಿಟ್ಟಾಗಬೇಡಿ. ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳು ಅಂದಿರಿ. ಅದು ನಕಲು ಅಲ್ವಾ? ಹೊಸ ಓಲೆ, ಹೊಸ ಮಸಿ, ಹೊಸ ಕೈ. ಪೊನ್ನ ಬರೆದ ಮೂಲ ಓಲೆ ಈಗ ಎಲ್ಲಿದೆ? ನಕಲು ಮಾಡಿದ್ದಕ್ಕೇ ಪುಸ್ತಕ ಉಳಿಯಿತು. ಪುಸ್ತಕಕ್ಕೆ ಒಂದು ನ್ಯಾಯ, ಕಂಬಕ್ಕೆ ಒಂದು ನ್ಯಾಯವಾ?

ಗಿರ್ಮಿಟ್
ಈಗ ಬಂತು ನೋಡಿ ಮಜಾ. ಮಾಸ್ತರ ಚಹಾ ಕುಡಿಯಲು ಹೋದರು ಅನಿಸುತ್ತದೆ.

ಕನ್ನಡ ಮಾಸ್ತರ
ಚಹಾ ಕುಡಿದೇ ಬಂದೆ. ಉಳಿ ಸುತ್ತಿಗೆಯವರೇ, ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಆದರೆ ಪ್ರತಿ ಮಾಡಿದವರ ಮುಂದೆ ಪೂರ್ತಿ ಮೂಲ ಇತ್ತು. ಓಲೆಯ ಮೇಲಿನ ಮಾತು ಮುಖ್ಯ, ಓಲೆ ಅಲ್ಲ. ಇಲ್ಲಿ ಕಲ್ಲೇ ಮಾತು. ಮೇಲಾಗಿ ಮೂಲ ಬಿದ್ದುಹೋದ ಮೇಲೆ ಯಾವುದನ್ನು ನೋಡಿ ಪ್ರತಿ ಮಾಡುತ್ತೀರಿ? ಪಕ್ಕದ ಬಳ್ಳಿಯಲ್ಲಿ ಹಂಸ ಇದ್ದರೆ ಈ ಬಳ್ಳಿಯಲ್ಲೂ ಹಂಸವೇ ಇತ್ತು ಅಂತ ಯಾರು ಹೇಳಿದರು? ಒಂದೇ ಪಟ್ಟಿಯಲ್ಲಿ ಎರಡು ಸುಳಿ ಒಂದೇ ತರಹ ಇರದ ಹಾಗೆ ಕೆತ್ತಿದವರು ಅವರು.

ನಿವೃತ್ತ, ಧಾರವಾಡ
ಇಬ್ಬರದೂ ಸ್ವಲ್ಪ ಸ್ವಲ್ಪ ಸರಿ. ಒಂದೇ ನಮೂನೆ ಸಾಲಾಗಿ ಮತ್ತೆ ಮತ್ತೆ ಬರುವ ಕಡೆ, ಉದಾಹರಣೆಗೆ ಜಾಲಂಧ್ರ ಅಂದರೆ ಕಲ್ಲಿನ ಜಾಲರಿ ಕಿಟಕಿ, ಅಂಚಿನ ಪಟ್ಟಿ, ಅಂಥ ಕಡೆ ಪುರಾವೆ ಗಟ್ಟಿಯಾಗಿದ್ದರೆ ಹೊಸದು ಮಾಡಲು ಸ್ವಲ್ಪ ಅವಕಾಶ ಇದೆ. ಮೂರ್ತಿ, ಪ್ರಾಣಿ, ಕಥೆಯ ಪಟ್ಟಿಗೆ ಇಲ್ಲ. ಹಳೆಯ ಚಿತ್ರಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಹೆನ್ರಿ ಕಸೆನ್ಸ್ ಅನ್ನುವವರು ನಮ್ಮ ಕಡೆಯ ಚಾಲುಕ್ಯ ಗುಡಿಗಳನ್ನೆಲ್ಲ ಅಳೆದು, ನಕ್ಷೆ ಬರೆದು, ಫೋಟೋ ಹಾಕಿ 1926ರಲ್ಲಿ ದೊಡ್ಡ ಪುಸ್ತಕ ತಂದರು, ಲಕ್ಕುಂಡಿ ಅದರಲ್ಲಿ ಇದೆ. ಆ ಫೋಟೋದಲ್ಲಿ ಇದ್ದು ಈಗ ಇಲ್ಲ ಅಂದರೆ ನೂರು ವರ್ಷದ ಒಳಗೆ ಹೋಯಿತು ಅಂತ ಲೆಕ್ಕ. ಆಗಲೇ ಇಲ್ಲ ಅಂದರೆ ಸುಮ್ಮನಿರಬೇಕು.

ಆದರೆ ನಿಜ ಹೇಳಲಾ? ಬೋಳು ಕಲ್ಲು ದೊಡ್ಡ ಸಂಗತಿಯೇ ಅಲ್ಲ. ನೀವೆಲ್ಲ ಗೋಡೆ ನೋಡುತ್ತಿದ್ದೀರಿ. ಮಾಳಿಗೆ ಮೇಲೆ ಯಾರೂ ಹತ್ತಿ ನೋಡುವುದಿಲ್ಲ. ಗುಡಿ ಕೊಲ್ಲುವುದು ನೀರು.

ಹಾವೇರಿ ಏಲಕ್ಕಿ
ಸ್ವಲ್ಪ ಬಿಡಿಸಿ ಹೇಳಿ ಸರ್. ನಮ್ಮ ಊರಲ್ಲಿ ಒಂದು ಹಳೆ ಗುಡಿ ಇದೆ, ಅದಕ್ಕಾಗಿ ಕೇಳುತ್ತಿದ್ದೇನೆ.

ನಿವೃತ್ತ, ಧಾರವಾಡ
ಕೇಳು. ಗುಡಿಯ ಚಾವಣಿ ಅಂದರೆ ದೊಡ್ಡ ದೊಡ್ಡ ಚಪ್ಪಡಿ ಜೋಡಿಸಿದ್ದು. ಸಂದುಗಳ ಮೇಲೆ ಸುಣ್ಣ, ಇಟ್ಟಿಗೆ ಚೂರು ಹಾಕಿ ಗಾರೆ ಬಡಿದಿರುತ್ತಾರೆ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ದೂಳು ಕೂರುತ್ತದೆ. ಹಕ್ಕಿ ಹಣ್ಣು ತಿಂದು ಅಲ್ಲಿ ಹಿಕ್ಕೆ ಹಾಕುತ್ತದೆ, ಅದರಲ್ಲಿ ಅರಳಿ ಬೀಜ. ಒಂದೇ ಮಳೆಗಾಲ ಸಾಕು, ಎರಡು ಎಲೆ ಕಾಣುತ್ತದೆ. ಎರಡು ಎಲೆ ಇದ್ದಾಗ ಕಿತ್ತರೆ ಬೆರಳಿನ ಕೆಲಸ. ನಾಲ್ಕು ವರ್ಷ ಬಿಟ್ಟರೆ ಬೇರು ಶಿಖರದೊಳಗೆ ಹೋಗಿ ಕಲ್ಲು ಎತ್ತುತ್ತದೆ. ಆಮೇಲೆ ಎಳೆದು ಕೀಳುವ ಹಾಗೂ ಇಲ್ಲ, ಎಳೆದರೆ ಬೇರಿನ ಜೊತೆ ಕಲ್ಲೇ ಬರುತ್ತದೆ. ಕತ್ತರಿಸಿ, ಬೇರಿಗೆ ಮದ್ದು ಹಾಕಿ ಸಾಯಿಸಿ, ಸಂದು ತುಂಬಬೇಕು.

ಒಳಗೆ ಇಳಿದ ನೀರು ಸುಮ್ಮನಿರುವುದಿಲ್ಲ. ಗೋಡೆಯ ಎರಡು ಮುಖದ ನಡುವೆ ಮಣ್ಣು, ಕಲ್ಲು ಚೂರು ತುಂಬಿರುತ್ತಾರೆ, ಅದು ತೊಯ್ದು ಕೆಳಗೆ ಜಗ್ಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ನೀರಿನ ಜೊತೆ ಉಪ್ಪು ಕರಗಿ ಹೊರ ಮುಖಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಹರಳಾಗಿ ಅಲ್ಲೇ ಕೂರುತ್ತದೆ, ಒಳಗಿಂದ ನೂಕುತ್ತದೆ. ಬಳಪದ ಕಲ್ಲು ಪದರು ಪದರಾದ ಕಲ್ಲು. ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಉದುರಿದ್ದು ಎಂದರೆ ಕೆತ್ತನೆಯೇ, ಯಾಕೆಂದರೆ ಕೆತ್ತನೆ ಇರುವುದೇ ಮೇಲಿನ ಎರಡು ಬೆರಳಿನಲ್ಲಿ.

ಸಿಮೆಂಟು ಹಾಕಿದರೆ ಇದೆಲ್ಲ ಇನ್ನೂ ಜಾಸ್ತಿ. ಗಾರೆ ಮೆತ್ತಗಿರುತ್ತದೆ, ಉಸಿರಾಡುತ್ತದೆ, ಕಲ್ಲು ಅಲುಗಿದರೆ ತಾನೂ ಸ್ವಲ್ಪ ಅಲುಗುತ್ತದೆ. ಸಿಮೆಂಟು ಬಿಗಿ. ತೇವ ಹೊರಗೆ ಬಿಡುವುದಿಲ್ಲ, ಅದು ಪಕ್ಕದ ಕಲ್ಲಿನಿಂದ ದಾರಿ ಹುಡುಕುತ್ತದೆ. ಸಿಮೆಂಟಿನಲ್ಲಿ ಉಪ್ಪು ಬೇರೆ ಇರುತ್ತದೆ. ನಾವು ಸುಣ್ಣ ಅರಳಿಸಿ, ವಾರಗಟ್ಟಲೆ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ, ಇಟ್ಟಿಗೆ ಪುಡಿ ಹಾಕಿ ಅರೆಸುತ್ತಿದ್ದೆವು. ಊರ ಹುಡುಗರು ಬೆಲ್ಲ ತಿನ್ನಲು ಬಂದು ಕೂರುತ್ತಿದ್ದರು. ಹಳೆಯ ಕಬ್ಬಿಣದ ಕೊಂಡಿಗಳದ್ದೂ ಅದೇ ಕಥೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದರೆ ಕಲ್ಲು ಸೀಳುತ್ತದೆ. ಈಗ ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತಾರೆ.

ಲೊಕ್ಕಿಗುಂಡಿ ಮಗಳು
ಇದನ್ನು ಓದಿ ನಮ್ಮ ಅಜ್ಜಿ ನೆನಪಾದರು. ನಮ್ಮದು ಮೇಲ್ಮುದ್ದಿ ಮನೆ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಸವುಳು ಮಣ್ಣು ತಂದು ಮಾಳಿಗೆ ಮೇಲೆ ಹಾಕಿ ತುಳಿಸುತ್ತಿದ್ದರು. ಒಂದು ವರ್ಷ ತಪ್ಪಿದರೆ ಆ ವರ್ಷವೇ ಸೋರುತ್ತಿತ್ತು. ಗುಡಿಗೂ ಅಷ್ಟೇ ಅಂತಾಯಿತು.

ನಾನು ಲಕ್ಕುಂಡಿಯವಳು, ಈಗ ಗದಗಿನಲ್ಲಿ ಕೆಲಸ. ನೀವೆಲ್ಲ ಒಂದು ದಿನ ಬಂದು ಹೋಗುತ್ತೀರಿ. ನಾವು ಅಲ್ಲೇ ಇರುವವರು, ನನ್ನದೂ ಸ್ವಲ್ಪ ಕೇಳಿ. ನಮ್ಮ ಮನೆ ಒಂದು ಗುಡಿಯಿಂದ 60 ಹೆಜ್ಜೆ. ಹೋದ ವರ್ಷ ಮಳೆಗೆ ಅಡುಗೆ ಮನೆ ಗೋಡೆ ಕುಸಿಯಿತು. ಕಟ್ಟಲು ಹೋದರೆ ಪರವಾನಗಿ ತನ್ನಿ ಅಂದರು. ಯಾರ ಹತ್ತಿರ ತರಬೇಕು ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಐದು ತಿಂಗಳಿಂದ ತಗಡು ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದೇವೆ. ಗುಡಿಯ ಬೋಳು ಕಲ್ಲಿಗೆ ಇಷ್ಟು ಜನ ಮರುಗಿದಿರಿ, ನಮ್ಮ ಗೋಡೆಗೆ ಬೋಳು ಕಲ್ಲೂ ಸಿಗಲಿಲ್ಲ.

ಉಣಕಲ್ ಕೆರೆ ದಂಡೆ
ತಂಗಿ, ನಮ್ಮದೂ ಇದೇ ಹಾಡು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಸುತ್ತ ಮನೆಗಳೇ. ಗುಡಿ ನಾಲ್ಕು ದಿಕ್ಕಿಗೂ ಬಾಗಿಲು ಇಟ್ಟುಕೊಂಡು ನಿಂತಿದೆ, ನಾಲ್ಕೂ ಕಡೆ ನಾವಿದ್ದೇವೆ. ಮಗನ ಮದುವೆ ಮಾಡಬೇಕು, ಮೇಲೆ ಒಂದು ಕೋಣೆ ಎತ್ತಬೇಕು, ಆಗುವುದಿಲ್ಲ. ಹಾಗಂತ ಗುಡಿ ಮೇಲೆ ಸಿಟ್ಟಿಲ್ಲ. ದಿನಾ ಬೆಳಿಗ್ಗೆ ಕೈ ಮುಗಿದೇ ಹೋಗುತ್ತೇನೆ. ಆದರೆ ಜನ ಗುಡಿಗೆ ಅಡ್ಡ ಬಂದ ಹಾಗೆ ಪೇಪರಿನಲ್ಲಿ ಬರೆಯುತ್ತಾರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ನಮ್ಮ ಅಜ್ಜ ಹುಟ್ಟಿದ್ದು ಆ ಮನೆಯಲ್ಲೇ.

ನಿವೃತ್ತ, ಧಾರವಾಡ
ಇಬ್ಬರೂ ಹೇಳಿದ್ದು ನಿಜವಾದ ಕಷ್ಟ. ಕಾನೂನು ಹೀಗಿದೆ. ಮೂಲ ಕಾಯ್ದೆ 1958ರದು. 1992ರ ಜೂನ್ 16ರಂದು ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಅಂತ ಅಧಿಸೂಚನೆ ಬಂತು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿತು. 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲವೇ ಇಲ್ಲ. ಆದರೆ ಆ 1992ರ ತಾರೀಖಿಗಿಂತ ಮುಂಚೆಯೇ ಇದ್ದ ಮನೆಗೆ ರಿಪೇರಿ ಕೇಳುವ ಹಕ್ಕು ಇದೆ. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇದಕ್ಕೆಂದೇ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ, ಅವರು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಮನೆ ಹಳೆಯದು ಅನ್ನುವುದಕ್ಕೆ ಕಾಗದ ಬೇಕು. ಪಂಚಾಯ್ತಿ ಉತಾರ, ಹಳೆಯ ಮನೆ ಕರದ ಪಾವತಿ, ಕರೆಂಟಿನ ಹಳೆ ಬಿಲ್ಲು, ಏನಿದ್ದರೂ ಜೋಡಿಸಿಡು ತಂಗಿ. ಬಿದ್ದ ಗೋಡೆಯ ಫೋಟೋ ಮರೆಯಬೇಡ. 300 ಮೀಟರಿನ ಲೆಕ್ಕ ಗುಡಿ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಹಾಗಾಗಿ ಬಹಳ ಜನ ತಾವು ಹೊರಗಿದ್ದೇವೆ ಅಂದುಕೊಂಡು ಕಟ್ಟಿ ಸಿಕ್ಕಿಬೀಳುತ್ತಾರೆ.

ಇನ್ನೊಂದು. ಲಕ್ಕುಂಡಿಯಲ್ಲಿ ಎಲ್ಲ ಗುಡಿಗಳೂ ಒಬ್ಬರ ಕೈಯಲ್ಲಿ ಇಲ್ಲ. ಕೆಲವು ಕೇಂದ್ರದವು, ಕೆಲವು ರಾಜ್ಯದವು, ಕೆಲವು ಯಾರ ಪಟ್ಟಿಯಲ್ಲೂ ಇಲ್ಲದವು. ನಿಮ್ಮ ಮನೆ ಪಕ್ಕದ್ದು ಯಾವುದು ಅಂತ ಮೊದಲು ಬೋರ್ಡು ನೋಡು. ಕೈ ತೋರಿಸುವ ಆಟ ಶುರುವಾಗುವುದು ಅಲ್ಲೇ.

ಲೊಕ್ಕಿಗುಂಡಿ ಮಗಳು
ಉತಾರ ಇದೆ ಸರ್. ಕಾಕಾನ ಟ್ರಂಕಿನಲ್ಲಿ 1980ರ ಕರದ ಪಾವತಿಯೂ ಇದೆ. ಇದನ್ನು ಆಗಲೇ ಯಾರಾದರೂ ಇಷ್ಟು ನೆಟ್ಟಗೆ ಹೇಳಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಮತ್ತೆ ಊರವರನ್ನು ಬೈಯುವವರಿಗೆ ಒಂದು ಮಾತು. ನಮ್ಮ ಹಿತ್ತಲಲ್ಲಿ ಒಂದು ಕೆತ್ತಿದ ಕಲ್ಲು ಇತ್ತು, ಅರ್ಧ ಹೂತು. ಅಜ್ಜಿ ಅದರ ಮೇಲೆ ಬಟ್ಟೆ ಒಗೆದರು, ಅವ್ವ ಒಗೆದಳು, ನಾನೂ ಒಗೆದೆ. 2024ರಲ್ಲಿ ಸರ್ಕಾರದವರು ಮನೆಮನೆಗೆ ಬಂದು ಹಳೆಯ ಕಲ್ಲು, ಮೂರ್ತಿ ಎಲ್ಲ ಕೇಳಿದಾಗ ನಮ್ಮ ಓಣಿಯವರು ಡೊಳ್ಳು ಬಾರಿಸಿ ಕೊಟ್ಟು ಕಳಿಸಿದರು. ಅವ್ವ ಅರಿಷಿಣ ಕುಂಕುಮ ಹಚ್ಚಿ ಕಳಿಸಿದಳು, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ. ಅದನ್ನು ಮಣ್ಣೊಳಗೆ ಬಿಟ್ಟಿದ್ದರೆ ಎಂದೋ ಯಾವುದೋ ಪಾಯಕ್ಕೆ ಹೋಗಿರುತ್ತಿತ್ತು. ಬಟ್ಟೆ ಒಗೆದಿದ್ದಕ್ಕೇ ಉಳಿಯಿತು ಅಂತ ನನ್ನ ವಾದ.

ಕನ್ನಡ ಮಾಸ್ತರ
ಈ ವಾದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಂಗಿ.

ಹಾವೇರಿ ಏಲಕ್ಕಿ
ನಮ್ಮ ಊರಿನ ಗುಡಿ ಕಥೆ ಈಗ ಹೇಳುತ್ತೇನೆ, ಊರ ಹೆಸರು ಬೇಡ. ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಎಂಟು ವರ್ಷದ ಹಿಂದೆ ಜೀರ್ಣೋದ್ಧಾರ ಅಂತ ಹಣ ಕೂಡಿಸಿದೆವು, ನಾನೂ ಐದು ಸಾವಿರ ಕೊಟ್ಟೆ. ಮರಳು ಹೊಡೆಯುವ ಮಷೀನು ತಂದು ಕಂಬ ತೊಳೆದರು. ಒಂದೇ ದಿನದಲ್ಲಿ ಫಳಫಳ. ಊರೆಲ್ಲ ಖುಷಿ. ಆಮೇಲೆ ಎಣ್ಣೆ ಪೇಂಟು, ಕೆಳಗೆ ಟೈಲ್ಸು, ಗರ್ಭಗುಡಿ ಸುತ್ತ ಸಿಮೆಂಟು. ಈಗ ಕಂಬದ ಬುಡದಲ್ಲಿ ಪೇಂಟು ಗುಳ್ಳೆ ಎದ್ದಿದೆ. ಒಂದು ಗುಳ್ಳೆ ಒತ್ತಿದೆ, ಪೇಂಟಿನ ಹಿಂದೆ ಕಲ್ಲಿನ ಪುಡಿಯೂ ಬಂತು. ಇನ್ನೇನಾದರೂ ಮಾಡಬಹುದಾ?

ನಿವೃತ್ತ, ಧಾರವಾಡ
ಮರಳಿನ ಮಷೀನು ಕೊಳೆ ತೆಗೆಯುವುದಿಲ್ಲ, ಕಲ್ಲಿನ ಮೇಲ್ಮೈಯನ್ನೇ ತೆಗೆಯುತ್ತದೆ. ಮೂರ್ತಿಯ ಮೂಗು, ಒಡವೆ ಮೊದಲು ಹೋಗುತ್ತವೆ. ಹೋದದ್ದು ಬರುವುದಿಲ್ಲ. ಆದರೆ ಕೆಳಗಿನ ಟೈಲ್ಸು ತೆಗೆಸಿ. ನೆಲದ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಕಂಬ ಹತ್ತುತ್ತಿದೆ. ಗುಡಿ ಸುತ್ತ ಮಳೆ ನೀರು ನಿಲ್ಲದ ಹಾಗೆ ಇಳಿಜಾರು ಮಾಡಿ. ಪೇಂಟು ನೀವೇ ಕೆರೆಯಬೇಡಿ, ಉಜ್ಜಬೇಡಿ. ನಾವು ಪಾಚಿ ತೆಗೆಯುವಾಗಲೂ ನೀರು ಬೆರೆಸಿದ ಅಮೋನಿಯಾ, ಮೆತ್ತನೆ ಬ್ರಷ್ಷು, ಆಮೇಲೆ ಬರಿ ನೀರು. ಒಂದು ಕಂಬಕ್ಕೆ ಒಂದು ದಿನ ಹೋದರೂ ಹೋಯಿತು. ರಸಾಯನದ ಕೆಲಸಕ್ಕೆ ಇಲಾಖೆಯಲ್ಲಿ ಬೇರೆ ವಿಭಾಗವೇ ಇದೆ. ಪಟ್ಟಿಯಲ್ಲಿ ಇಲ್ಲದ ಗುಡಿಯಾದರೂ ರಾಜ್ಯದ ಇಲಾಖೆಗೆ ಬರೆದು ಸಲಹೆ ಕೇಳಿ.

ಗಿರ್ಮಿಟ್
ತಾಜಮಹಲಿಗೆ ಮುಲ್ತಾನಿ ಮಿಟ್ಟಿ ಫೇಸ್‌ಪ್ಯಾಕ್ ಹಾಕುತ್ತಾರಂತೆ. ನಮ್ಮ ಗುಡಿಗಳಿಗೆ ಯಾಕಿಲ್ಲ? ಇದು ತಮಾಷೆಯಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ನಿವೃತ್ತ, ಧಾರವಾಡ
ಹಾಕುತ್ತಾರೆ, ಹೌದು. ಅದು ಅಮೃತಶಿಲೆ. ಹೊಗೆ, ದೂಳಿಗೆ ಹಳದಿಯಾಗುತ್ತದೆ, ಮಣ್ಣಿನ ಲೇಪ ಆ ಕೊಳೆ ಹೀರಿಕೊಳ್ಳುತ್ತದೆ. ನಮ್ಮ ಬಳಪದ ಕಲ್ಲಿನ ರೋಗ ಬೇರೆ, ಮದ್ದು ಬೇರೆ. ಉಪ್ಪು ಎಳೆಯಲು ಕಾಗದದ ಮುದ್ದೆ ಮಾಡಿ ಒದ್ದೆ ಹಚ್ಚುತ್ತೇವೆ. ಒಣಗಿದಾಗ ಉಪ್ಪು ಅದಕ್ಕೆ ಬಂದಿರುತ್ತದೆ, ಕಿತ್ತು ಹೊಸದು ಹಚ್ಚುತ್ತೇವೆ. ಜನ ನೋಡಿ, ಗುಡಿಗೆ ರೊಟ್ಟಿ ಹಿಟ್ಟು ಮೆತ್ತಿದ್ದೀರಾ ಅಂತ ನಗುತ್ತಿದ್ದರು.

ಆಮೇಲೆ ಒಂದು ಲೆಕ್ಕ ನೆನಪಿಡಿ. ದೇಶದಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕ ಸುಮಾರು 3,700. ಕರ್ನಾಟಕದಲ್ಲೇ 500ರ ಮೇಲೆ. ತಾಜಮಹಲಿಗೆ ಎಲ್ಲರ ಕಣ್ಣಿದೆ. ಲಕ್ಕುಂಡಿಯ ಮುಸುಕಿನ ಬಾವಿಯ ಗೂಡಿನಲ್ಲಿ ಅರಳಿ ಗಿಡ ಹುಟ್ಟಿದರೆ ನೋಡುವವರು ಯಾರು? ಬೆಳಿಗ್ಗೆ ಕಸಬರಿಗೆ ಹಿಡಿದು ಬರುವ ಹೆಣ್ಣುಮಕ್ಕಳು. ಅವರಿಗೆ ಎರಡು ಎಲೆ ಕಂಡಾಗ ಹೇಳಬೇಕು ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಆಯಿತು. ನಾನು ಹೋದ ಕಡೆಯೆಲ್ಲ ಮೊದಲು ಮಾತಾಡಿಸುತ್ತಿದ್ದುದು ಅವರನ್ನೇ.

ಲೊಕ್ಕಿಗುಂಡಿ ಮಗಳು
ನಮ್ಮ ದೊಡ್ಡವ್ವ ಆ ಕೆಲಸ ಮಾಡುತ್ತಿದ್ದರು, ಬೇರೆ ಊರ ಗುಡಿಯಲ್ಲಿ, ದಿನಗೂಲಿ. ಗಿಡ ಅವರೇ ಕೀಳುತ್ತಿದ್ದರು, ಯಾರೂ ಹೇಳಿರಲಿಲ್ಲ. ಮನೆ ಮಾಳಿಗೆಯಲ್ಲಿ ಹುಲ್ಲು ಬಿಡುತ್ತೇವಾ ಅನ್ನುತ್ತಿದ್ದರು. ಮೂರ್ತಿಗೆ ಎಣ್ಣೆ ಸುರಿಯುವವರನ್ನು ಕಂಡರೆ ಜಗಳವೇ. ಎಣ್ಣೆ ಮೇಲೆ ದೂಳು ಕೂತು ಗಟ್ಟಿಯಾದ ಮೇಲೆ ತಿಕ್ಕುವವರು ಯಾರು ಅಂತ.

ಸೈಕಲ್ ಸವಾರ, ಹುಬ್ಬಳ್ಳಿ
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ಮಳೆ ಹೊಯ್ದ ಮರುದಿನ ಮತ್ತೆ ಹೋಗಿದ್ದೆವು. ಈ ಸಲ ಗೋಡೆ ಬಿಟ್ಟು ನೀರು ನೋಡಿದೆ. ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಲ್ಲು ಇನ್ನೂ ಕಪ್ಪಗೆ ತೊಯ್ದಿದೆ. ನಿವೃತ್ತರೇ, ನಿಮ್ಮ ದೆಸೆಯಿಂದ ಈಗ ಯಾವ ಗುಡಿಗೆ ಹೋದರೂ ದೇವರಿಗಿಂತ ಮೊದಲು ಚಾವಣಿ ನೋಡುವ ಹಾಗಾಗಿದೆ. ಬಸ್ಸು ಹತ್ತುವ ಮುಂಚೆ ಲೊಕ್ಕಿಗುಂಡಿ ಮಗಳ ಮನೆಯಲ್ಲಿ ಚಹಾ ಆಯಿತು. ಅರ್ಜಿ ಕೊಟ್ಟಿದ್ದಾರಂತೆ, ತಗಡು ಇನ್ನೂ ಇದೆ.

ಬೋಳು ಕಲ್ಲಿನ ಬಗ್ಗೆ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಇದ್ದದ್ದು ಹೇಳುತ್ತೇನೆ. ಆದರೆ ಮನೆಯಲ್ಲಿ ಬೇರೆ ಪಂಚಾಯ್ತಿ ನಡೆದಿದೆ. ನನ್ನ ಹೆಂಡತಿ ಆ ಬಳ್ಳಿಯ ಪಟ್ಟಿಯನ್ನು ಸೀರೆಯ ಅಂಚಿಗೆ ಹಾಕುತ್ತಿದ್ದಾಳೆ. ಕಲ್ಲಿನ ಬಳ್ಳಿ ಬಳುಕುತ್ತದೆ, ಕಸೂತಿಯಲ್ಲಿ ಎಳೆ ಎಣಿಸಿ ಹಾಕಬೇಕು, ಹಾಗಾಗಿ ಮುರ್ಗಿ ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲು ಮಾಡಿ ತಿರುಗಿಸಿದ್ದಾಳೆ. ಗೋಡೆಯಲ್ಲಿ ಬೋಳು ಕಲ್ಲು ಬಂದ ಜಾಗಕ್ಕೆ ಬಟ್ಟೆಯಲ್ಲೂ ನಾಲ್ಕು ಬೆರಳು ಖಾಲಿ ಬಿಟ್ಟಿದ್ದಾಳೆ. ಓಣಿಯ ಹೆಂಗಸರು ಬಂದವರೆಲ್ಲ, ಇದು ಮರೆತು ಹೋಯಿತಾ ಅಂತ ಕೇಳುತ್ತಿದ್ದಾರೆ.

ಉಳಿ ಸುತ್ತಿಗೆ
ಅಕ್ಕಾವರಿಗೆ ಹೇಳಿ, ಆ ನಾಲ್ಕು ಬೆರಳಿಗೆ ನಾನು ಬಳ್ಳಿ ಬರೆದು ಕಳಿಸುತ್ತೇನೆ. ಸೀರೆಗೆ ಇಲಾಖೆಯ ಪರವಾನಗಿ ಬೇಕಿಲ್ಲವಲ್ಲ.